ಇನ್ನೊಂದು ಕಣ್ಣು

ಎಲ್ಲರೂ ಮೊಬೈಲ್ ಟಾರ್ಚ್ ಎತ್ತಿ ಹಿಡಿಯಿರಿ ಎಂದು ಗಾಯಕ ವೇದಿಕೆಯಿಂದ ಕೂಗಿದ. ತುಮಕೂರಿನ ಮೈದಾನವೆಲ್ಲ ಬೆಳಗಿತು. ಡಾಕ್ಟರ್ ಶಶಿಕಲಾ ಮಾತ್ರ ಪಕ್ಕದಲ್ಲಿದ್ದ ತಂಗಿಯ ರೆಪ್ಪೆ ಎತ್ತಿ ಕಣ್ಣಿಗೆ ಬೆಳಕು ಬಿಟ್ಟಳು.

"ನಾನಿನ್ನೂ ಸತ್ತಿಲ್ಲ ಕಣಕ್ಕಾ! ಅಪರೂಪಕ್ಕೆ ರಜ ಸಿಕ್ಕೈತೆ, ಇಲ್ಲೂ ಡ್ಯೂಟಿನಾ?" ಪ್ರಮೀಳಾ ನಕ್ಕಳು.

ತಂಗಿಯ ಕಣ್ಣಿನ ಪಾಪೆ ತಟ್ಟನೆ ಕುಗ್ಗಿತು. ಇನ್ನೊಂದು ಕಣ್ಣಿಗೆ ಟಾರ್ಚ್ ತಿರುಗಿಸುತ್ತಿದ್ದ ಶಶಿಕಲಾಳ ಕೈ ಅಲ್ಲೇ ನಿಂತಿತು. ಬೆಳಿಗ್ಗೆ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಅವಳು ವಾರ್ಡಿನಲ್ಲಿದ್ದ ಮುದುಕಿ ಗಿರಿಯಮ್ಮನ ಒಂದೇ ಕಣ್ಣು ನೋಡಿ, ನಾಡಿ ಮುಟ್ಟಿದಂತೆ ಮಾಡಿ, "ಹೋಗ್ಬಿಟ್ರು" ಎಂದು ಮುದುಕಿಯ ಮಗನಿಗೆ ಹೇಳಿ ಹೊರಟಿದ್ದಳು. ನೋಡಿದ ಆ ಕಣ್ಣಿಗೆ ಪೊರೆ ಕವಿದಿತ್ತು; ಪಾಪೆ ಕುಗ್ಗಿದ್ದರೂ ಕಾಣುವಂತಿರಲಿಲ್ಲ.

ವಾರ್ಡಿಗೆ ಫೋನ್ ಮಾಡಿದಳು. "ಸಿಸ್ಟರ್, ಆ ಹುಲಿಯೂರುದುರ್ಗದ ಗಿರಿಯಮ್ಮ..."

"ಮಧ್ಯಾಹ್ನವೇ ಮಣ್ಣು ಮಾಡಿದ್ರಂತೆ ಮೇಡಂ. ನೀವು ಆರಾಮಾಗಿ ಹಾಡು ಕೇಳಿ."