ಏಳರ ಲೆಕ್ಕ

ಅಲುಗಾಡುವ ಹಲಗೆಯ ಮೇಲೆ ತನ್ವಿ ಬಾಣ ಹೂಡಿ ನಿಂತಿದ್ದಳು. ಮೈಯ ಸಮತೋಲದ ಜೊತೆ ಮನಸ್ಸೂ ಪಳಗಲೆಂದು, ಗುರಿ ಹಿಡಿದವರಿಗೆ ಜೊತೆಗಾರ್ತಿ ಪ್ರಶ್ನೆ ಕೇಳಬೇಕೆಂಬುದು ಕೋಚ್ ಶಂಕರಲಿಂಗರ ನಿಯಮ. ಇಂದಿನ ಸರದಿ ಮೋತಿ ಡೊಂಗರ್ ಕೇರಿಯ ಗೌಂಡಿಯ ಮಗಳು ಅಶ್ವಿನಿಯದು.

"ನೂರರಾಗ ಏಳು ಹೋದ್ರ?"

"ತೊಂಬತ್ಮೂರು."

"ಅದರಾಗ ಮತ್ತೇಳು?"

"ಎಂಬತ್ತಾರು." ತನ್ವಿ ಹೆದೆಯನ್ನು ಗಲ್ಲದವರೆಗೆ ಎಳೆದಳು. ಪಾದ ಅಲುಗಲಿಲ್ಲ.

ಗೋವಾ ತಂಡದ ಆಯ್ಕೆಯ ದಿನ ಅಶ್ವಿನಿಯ ಬಿಲ್ಲಿನ ಹೆದೆಯನ್ನು ಯಾರೋ ಅರ್ಧ ಕೊಯ್ದಿಟ್ಟಿದ್ದರು. ಮೊದಲ ಬಾಣಕ್ಕೇ ಅದು ಹರಿದಿತ್ತು. ಅವಳ ಜಾಗಕ್ಕೆ ಬಂದವಳು ತನ್ವಿ. ಈ ಸರದಿಗಾಗಿ ಅಶ್ವಿನಿ ಎರಡು ತಿಂಗಳು ಹಲ್ಲು ಕಚ್ಚಿ ಕಾದಿದ್ದಳು.

"ನನ್ನ ಹೆದಿ ಯಾವ ಕೈಲೆ ಕೊಯ್ದಿ? ಎಡಗೈಲೋ, ಬಲಗೈಲೋ?"

"ಬಲಗೈ..."

ಹಲಗೆ ಧಡಕ್ಕನೆ ವಾಲಿತು. ಬಾಣ ಗುರಿಹಲಗೆಯ ಮೇಲಿಂದ ಹಾರಿಹೋಯಿತು. ಪಕ್ಕದಲ್ಲೇ ನಿಂತಿದ್ದ ಶಂಕರಲಿಂಗರು ಬಾಣವನ್ನು ನೋಡಲೇ ಇಲ್ಲ.

"ತನ್ವಿ, ಕೆಳಗ ಇಳಿ. ಬಿಲ್ಲು ಅಶ್ವಿನಿ ಕೈಯಾಗ ಕೊಡು."