ಹೆಂಗಸರ ಕೊಳ

ಮೇಜಿನ ಮರೆಯಲ್ಲಿ ಶಿಗೇಕಿ ಹೆಂಡತಿ ಚಿಜುರುವಿನ ಕಿರುಬೆರಳನ್ನು ಹಿಡಿದು ಹಿಂದಕ್ಕೆ ತಿರುಚುತ್ತಿದ್ದ; ಮುಖದ ಮೇಲಿನ ನಗು ಮಾತ್ರ ಮಾಸಿರಲಿಲ್ಲ. "ಕನಜಾವಾದಲ್ಲಿ ಎರಡು ದಿನ ಸುತ್ತಾಡಿ ಬರೋಣ ಅಂತ. ಹಳೇ ಕಾಲದ ರ‍್ಯೋಕಾನ್ ವಸತಿಗೃಹಾನೇ ಆಗ್ಲಿ, ಆದ್ರೆ ಸ್ನಾನದ ಮನೆ ಕೋಣೆ ಒಳಗೇ ಇರ್ಬೇಕು. ಇವಳಿಗೆ ನಾಚಿಕೆ ಜಾಸ್ತಿ ನೋಡಿ," ಎಂದ.

ಪ್ರವಾಸ ಕಚೇರಿಯ ಇವಾಸೆ, ತಲೆ ನರೆತ ಹೆಂಗಸು, ಎರಡು ವಸತಿಗೃಹಗಳ ಚಿತ್ರಗಳನ್ನು ಚಿಜುರುವಿನ ಮುಂದೆ ಸರಿಸಿದಳು. "ಯಜಮಾನ್ರು ಹೇಳಿದ್ದು ಇದು. ಇನ್ನೊಂದು ನದಿ ದಂಡೇಲಿದೆ, ಊಟಕ್ಕೆ ಹೆಸರುವಾಸಿ. ಆದ್ರೆ ಅಲ್ಲಿ ಹೆಂಗಸರೆಲ್ಲ ಬಟ್ಟೆ ಕಳಚಿ ಒಟ್ಟಿಗೇ ಬಿಸಿನೀರಿನ ಕೊಳಕ್ಕೆ ಇಳೀಬೇಕು. ನಿಮಗ್ಯಾವುದು ಇಷ್ಟ, ಅಮ್ಮಾ?"

ಬೆರಳು ಇನ್ನಷ್ಟು ಬಾಗಿತು. ಅವನು ಹೊಡೆಯುತ್ತಿದ್ದುದೆಲ್ಲ ಬೆನ್ನಿಗೆ, ಬಟ್ಟೆ ಮುಚ್ಚುವ ಜಾಗಕ್ಕೆ, ಅದೂ ಮನೆಯ ಬಾಗಿಲು ಹಾಕಿಕೊಂಡ ಮೇಲೆ. ಹೆತ್ತ ತಾಯಿಗೂ ಆ ಬೆನ್ನು ತೋರಿಸದ ಚಿಜುರು ಕೊಳದ ಚಿತ್ರದ ಮೇಲೆ ಇನ್ನೊಂದು ಕೈ ಇಟ್ಟಳು.

"ಇದೇ ಇರ್ಲಿ. ನನ್ನ ಬೆನ್ನು ನಾಲ್ಕು ಜನ ಹೆಂಗಸರು ನೋಡ್ಲಿ."

ಬೆರಳು ಲಟಕ್ಕೆಂದಿತು. "ಬಾಯ್ಮುಚ್ಚೇ!" ಎಂದವನೇ ಶಿಗೇಕಿ ಅವಳ ಕೂದಲು ಹಿಡಿದು ಮುಖವನ್ನು ಮೇಜಿಗೆ ಅಪ್ಪಳಿಸಿದ. ಚಿತ್ರಗಳ ಮೇಲೆ ಮೂಗಿನ ರಕ್ತ ಸುರಿಯಿತು. ಇವಾಸೆ ಚೀರಿದಳು. ಸರದಿಗಾಗಿ ಕಾದಿದ್ದವರೆಲ್ಲ ಎದ್ದು ನಿಂತರು. ಇಬ್ಬರು ಓಡಿಬಂದು ಅವನ ತೋಳುಗಳನ್ನು ಬಿಗಿಯಾಗಿ ಹಿಡಿದರು. ಕರವಸ್ತ್ರ ಚಾಚಿದ ಇವಾಸೆಯ ಕೈಯನ್ನು ಚಿಜುರು ಮೆಲ್ಲಗೆ ಸರಿಸಿದಳು. ರಕ್ತ ಒರೆಸಿಕೊಳ್ಳದೆ, ತಲೆ ತಗ್ಗಿಸದೆ, ಅಲ್ಲಿದ್ದ ಎಲ್ಲರ ಕಡೆಗೂ ತಿರುಗಿ ಕೂತಳು.