ಮಂಚದ ಮೇಲಿನ ಕೆಂಪು ಶಾಲು

ಮಂಚದ ಮೇಲೆ ಶಾಲು ಇರಲಿಲ್ಲ. ವರ್ನಾ ಬಗ್ಗಿ ಮಂಚದ ಕೆಳಗೂ ನೋಡಿದಳು.

ಅಮೆರಿಕದ ನೆಬ್ರಾಸ್ಕಾ ಬಯಲಿಗೆ ಮೊದಲು ವಲಸೆ ಬಂದವರು ಹುಲ್ಲಿನ ಬೇರುಸಮೇತ ಕಡಿದ ಮಣ್ಣುಹೆಂಟೆ ಪೇರಿಸಿ ಕಟ್ಟಿದ ಮನೆ ಅದು. ಜನ ನೋಡಲೆಂದು ರಿಪೇರಿ ಮಾಡಿದಾಗ ಒಲೆ, ತೊಟ್ಟಿಲು, ಕುರ್ಚಿ ಎಲ್ಲವನ್ನೂ ಎಲ್ಲಿಂದಲೋ ತಂದಿಟ್ಟಿದ್ದರು. ಅಸಲಿ ಅಂದರೆ ಆ ಕಾಲದ ಮನೆಯೊಡತಿಯ ಕೆಂಪು ಶಾಲೊಂದೇ. ಅದು ಹೋದರೆ ವರ್ನಾಳ ಕೆಲಸವೂ ಹೋದಂತೆ. ಗಂಡ ಸತ್ತ ಮೇಲೆ, ನೋಡಲು ಬಂದವರಿಗೆ ಈ ಮನೆ ತೋರಿಸುವುದೇ ಅವಳ ಬದುಕಾಗಿತ್ತು.

ಇವತ್ತು ಬಂದವರು ಇಬ್ಬರೇ, ಡಾಯ್ಲ್ ಮತ್ತು ಅವನ ಹೆಂಡತಿ ಕೊರೀನ್. ಅವನು ಬಾಯಿಬಡುಕ. ಅವಳೋ, ಸುಡುಬಿಸಿಲಲ್ಲೂ ತುಂಬುತೋಳಿನ ಅಂಗಿ ತೊಟ್ಟ ಮೂಗಿ. ಹೆಸರು ಕೇಳಿದರೂ ಗಂಡನೇ ಹೇಳಿದ್ದ. ಶಾಲಿನ ಮುಂದೆ ಮಾತ್ರ ಬಾಯಿ ಬಿಟ್ಟಿದ್ದಳು.

"ಹಿಮ ಬಿದ್ದು ದಾರಿ ಮುಚ್ಚಿದಾಗ ಆಪತ್ತು ಬಂದ್ರೆ, ಮನೆಯೊಡತಿ ಇದನ್ನ ಮನೆ ಹಿಂದಿನ ಗೂಟಕ್ಕೆ ಕಟ್ತಿದ್ಲು," ಎಂದು ವರ್ನಾ ದಿನದ ಪಾಠ ಒಪ್ಪಿಸಿದ್ದಳು.

"ನಿಜವಾಗ್ಲೂ ಯಾರಾದ್ರೂ ಬರ್ತಿದ್ರಾ?" ಎಂದಿದ್ದಳು ಕೊರೀನ್.

"ಬರದೆ ಏನು ತಾಯಿ? ಕೆಂಪು ಕಂಡ ನೆರೆಯವ್ರು ಕೈಲಿದ್ದ ತುತ್ತು ಬಿಟ್ಟು ಓಡಿ ಬರ್ತಿದ್ರು."

ಆಮೇಲೆ ಡಾಯ್ಲ್ ಒಲೆಯ ಮುಂದೆ ನಿಂತು ತನ್ನಜ್ಜನ ಪ್ರತಾಪ ಕೊರೆದ. ಅಷ್ಟು ಹೊತ್ತೂ ಕೊರೀನ್ ಎಲ್ಲಿದ್ದಳು? ಮಳ್ಳಿ ಮಳ್ಳಿ ಮಂಚಕ್ಕೆಷ್ಟು ಕಾಲು ಅಂದರೆ ಮೂರು ಮತ್ತೊಂದು ಅನ್ನುವ ಜಾತಿ!

ವರ್ನಾ ಓಡಿಹೋಗಿ ಗೇಟಿಗೆ ಬೀಗ ಜಡಿದು, ಹೊರಡಲಿದ್ದ ಅವರ ಕಾರಿಗೆ ಅಡ್ಡ ನಿಂತಳು. "ಶಾಲು ಎಲ್ಲಿ? ಸಿಗೋವರ್ಗೂ ಈ ಗೇಟು ತೆಗಿಯಲ್ಲ!"

ಡಾಯ್ಲ್ ಹೆಂಡತಿಯ ಚೀಲ ಕಿತ್ತುಕೊಂಡು ಕಾರಿನ ಮೇಲೆ ಸುರಿದ. ಒಂದು ಬಾಚಣಿಗೆ, ಒಂದು ಕರವಸ್ತ್ರ, ಅಷ್ಟೇ.

"ಫೋನೂ ದುಡ್ಡೂ ಎಲ್ಲಾ ನನ್ನ ಹತ್ರಾನೇ ಇರೋದು ಅಜ್ಜಿ. ನನ್ನ ಕೇಳ್ದೆ ಉಸಿರಾಡಲ್ಲ ಇವ್ಳು. ಕದಿಯೋ ಧೈರ್ಯ ಎಲ್ಲಿಂದ ಬರ್ಬೇಕು?" ಎಂದು ನಕ್ಕ.

ಕೊರೀನ್ ತಲೆ ಎತ್ತಲಿಲ್ಲ. "ಇನ್ನೊಂದ್ಸಲ ಹಿಂದೆಲ್ಲಾ ನೋಡಿ ಅಮ್ಮಾ. ನಾವು ಇಲ್ಲೇ ಇರ್ತೀವಿ," ಎಂದಳು.

ಎಷ್ಟು ಸೊಕ್ಕು ಇವಳಿಗೆ! ಗೊಣಗುತ್ತಲೇ ವರ್ನಾ ಮನೆಯನ್ನು ಬಳಸಿ ಹಿತ್ತಲಿಗೆ ಹೋದಳು. ಹೋದವಳು ಅಲ್ಲೇ ನಿಂತುಬಿಟ್ಟಳು.

ಕಿಟಕಿಯ ಪಕ್ಕದ ಹಳೆಯ ಗೂಟದಲ್ಲಿ ಶಾಲು ಹಾರಾಡುತ್ತಿತ್ತು. ಬಿಚ್ಚಿಹೋಗದಂತೆ ಎರಡು ಗಂಟು ಹಾಕಿತ್ತು.

ವರ್ನಾ ಬೀಗದ ಕೈಯನ್ನು ಜೇಬಿನ ಆಳಕ್ಕೆ ತಳ್ಳಿ, ಪೊಲೀಸರಿಗೆ ಫೋನ್ ಮಾಡಿದಳು.

"ಕಳ್ಳತನ ಅಲ್ಲಪ್ಪಾ, ಇಲ್ಲೊಬ್ಬಳು ಹೆಣ್ಣುಮಗಳು ಆಪತ್ತಲ್ಲಿ ಕರೀತಿದಾಳೆ. ಕೈಲಿರೋ ತುತ್ತು ಬಿಟ್ಟು ಓಡಿ ಬನ್ನಿ!"